ಭೀಮಾತೀರದ ಬ್ರಹ್ಮರಾಕ್ಷಸ: ಮೃತರ ಋಣ ಮತ್ತು ನಾವು ಮರೆತ ಒಂದು ಪ್ರಾರ್ಥನೆ

ಆಳಂದ ತಾಲ್ಲೂಕಿನಲ್ಲಿ ಹುಟ್ಟುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆಯು ಅಲ್ಲಿಂದ ಮುಂದೆ ಜೇವರ್ಗಿಯ ಸೀಮೆಯನ್ನು ತೊಳೆಯುತ್ತ ಕೃಷ್ಣೆಯ ಕಡೆಗೆ ಸಾಗುತ್ತದೆ. ಈ ನೀರಿನ ದಾರಿಯಲ್ಲಿ ಒಬ್ಬ ಬ್ರಹ್ಮರಾಕ್ಷಸನ ಕಥೆಯು ತಲೆತಲಾಂತರದಿಂದ ಪಾರಾಯಣಗೊಳ್ಳುತ್ತಿದೆ. ಏಷ್ಯಾ ಖಂಡದ ಪುರಾಣ ಮತ್ತು ಜಾನಪದಗಳಲ್ಲಿ ಬರುವ ಅದ್ಭುತ ಜೀವಿಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅವುಗಳ ಕೋರೆಹಲ್ಲು, ರೆಕ್ಕೆ, ಬಾಲಗಳನ್ನು ವರ್ಣಿಸುವುದರಲ್ಲಿಯೇ ತೃಪ್ತರಾಗುತ್ತಾರೆ. ನಮಗಿಲ್ಲಿ ಬೇಕಾಗಿರುವುದು ಬ್ರಹ್ಮರಾಕ್ಷಸನ ರೂಪವಲ್ಲ, ಅವನ ಬಿಡುಗಡೆ. ಅವನನ್ನು ಯಾರೂ ಕೊಲ್ಲುವುದಿಲ್ಲ, ಅವನು ಮುಕ್ತನಾಗುತ್ತಾನೆ. ಈ ಒಂದು ಸಂಗತಿಯು ಕಲಬುರಗಿ ಸೀಮೆಯಲ್ಲಿ ಶುಭಸಂದೇಶವನ್ನು ಸಾರುವ ಯಾಜಕರ ಮುಂದೆ ಒಂದು ಕಠಿಣ ಪ್ರಶ್ನೆಯನ್ನು ಇಡುತ್ತದೆ.

ಕಥೆಯ ಆಕರವು 'ಶ್ರೀಗುರುಚರಿತ್ರೆ'. ಗಾಣಗಾಪುರದಲ್ಲಿ ಎರಡು ದಶಕಕ್ಕೂ ಮೀರಿ ನೆಲೆಸಿದ್ದ ನೃಸಿಂಹ ಸರಸ್ವತಿ ಎಂಬ ಯತಿಯ ಚರಿತ್ರೆಯಿದು. ಅವರು ವಿದರ್ಭದ ಕಾರಂಜದಲ್ಲಿ ಜನಿಸಿ, ಸನ್ಯಾಸ ಸ್ವೀಕರಿಸಿ, ಕೃಷ್ಣಾತೀರದ ಔದುಂಬರ ಮತ್ತು ನರಸೋಬವಾಡಿಗಳಲ್ಲಿ ಕಾಲ ಕಳೆದು, ಕೊನೆಗೆ ಭೀಮಾ-ಅಮರ್ಜಾ ಸಂಗಮಕ್ಕೆ ಬಂದರು. ಸಂಪ್ರದಾಯವು ಅವರ ಜೀವಿತವನ್ನು 1378ರಿಂದ 1459ರವರೆಗೆ ಎಂದು ಎಣಿಸುತ್ತದೆ. ಅದು ಬಹಮನಿ ಸುಲ್ತಾನರ ಕಾಲ. ದೆಹಲಿಯಿಂದ ಬಂದ ಸೂಫಿ ಖ್ವಾಜಾ ಬಂದೇ ನವಾಜರು ಕಲಬುರಗಿಯಲ್ಲಿ ನೆಲೆಸಿ 1422ರಲ್ಲಿ ಅಲ್ಲಿಯೇ ತೀರಿಕೊಂಡರು. ಗುರುಚರಿತ್ರೆಯ ಕೊನೆಯ ಭಾಗದಲ್ಲಿ ಬೀದರಿನ ಸುಲ್ತಾನನೇ ಹುಣ್ಣಿನ ಬಾಧೆಯಿಂದ ಗುರುವನ್ನು ಅರಸಿ ಬರುತ್ತಾನೆ. ಗ್ರಂಥವನ್ನು ರಚಿಸಿದ ಸರಸ್ವತಿ ಗಂಗಾಧರನನ್ನು ಪರಂಪರೆಯು ಆಳಂದ ತಾಲ್ಲೂಕಿನ ಕಡಗಂಚಿಯವನೆಂದು ಗುರುತಿಸುತ್ತದೆ. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಇಂದು ನೆಲೆಗೊಂಡಿರುವುದೂ ಅದೇ ಕಡಗಂಚಿಯಲ್ಲಿ. ಅವನ ಗ್ರಂಥ ಮರಾಠಿಯ ಓವಿ ಛಂದಸ್ಸಿನಲ್ಲಿದೆ. ಆದರೆ ಅವನ ಮನೆಮಾತು ಕನ್ನಡವಾಗಿತ್ತು. ತನಗೆ ಮರಾಠಿ ಸರಿಯಾಗಿ ಬಾರದೆಂದು ಅವನೇ ವಿನಯದಿಂದ ಹೇಳಿಕೊಂಡಿದ್ದಾನೆ. ಗ್ರಂಥದ ನಡುವೆ ಕನ್ನಡದ ಸ್ತುತಿಪದಗಳೂ ಸೇರಿವೆ. ಎರಡು ಭಾಷೆಗಳ ಗಡಿಯಲ್ಲಿ, ಎರಡು ಧರ್ಮಗಳ ಜನ ಒಂದೇ ಬಾಗಿಲಿಗೆ ಬರುತ್ತಿದ್ದ ಕಾಲದ ಕೃತಿಯಿದು.

ಕಥೆ ಹೀಗಿದೆ. ಗುರುಗಳು ಮೊದಲು ಊರ ಹೊರಗಿನ ಸಂಗಮದಲ್ಲಿ ಗುಪ್ತವಾಗಿ ವಾಸವಾಗಿದ್ದರು. ಬಡವನೊಬ್ಬನ ಮನೆಯ ಗೊಡ್ಡೆಮ್ಮೆಯು ಅವರ ಮಾತಿನಿಂದ ಹಾಲು ಕರೆಯಿತೆಂಬ ಸುದ್ದಿ ಹಬ್ಬಿತು. ಊರ ಒಡೆಯನು ಅವರನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಮೆರವಣಿಗೆಯಲ್ಲಿ ಊರೊಳಗೆ ಕರೆತಂದನು. ದಾರಿಯಲ್ಲಿ ಒಂದು ಪಾಳುಮನೆ. ಅದರ ಬಳಿ ಒಂದು ಅಶ್ವತ್ಥ. ಅದರ ಮೇಲೆ ಒಬ್ಬ ಬ್ರಹ್ಮರಾಕ್ಷಸ. ಅವನ ಭಯದಿಂದ ಸುತ್ತಮುತ್ತ ಯಾರೂ ಮನೆ ಮಾಡುತ್ತಿರಲಿಲ್ಲ. ಪಲ್ಲಕ್ಕಿಯು ಮರದ ಬಳಿಗೆ ಬಂದಾಗ ಆ ಭೀಕರ ಜೀವಿ ತಾನಾಗಿ ಕೆಳಗಿಳಿದು, ಗುರುವಿನ ಕಾಲಿಗೆರಗಿ, ತನ್ನನ್ನು ಉದ್ಧರಿಸಬೇಕೆಂದು ಬೇಡಿಕೊಂಡಿತು. ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು. ಅವನು ಮನುಷ್ಯರೂಪವನ್ನು ತಾಳಿದನು. ಸಂಗಮಕ್ಕೆ ಹೋಗಿ ಮೀಯುವಂತೆ ಅವನಿಗೆ ಅಪ್ಪಣೆಯಾಯಿತು. ಮಿಂದ ಕೂಡಲೇ ಅವನು ಮುಕ್ತನಾದನು. ಅವನು ಬಿಟ್ಟುಹೋದ ಆ ಪಾಳುಮನೆಯೇ ಗುರುಗಳ ಮಠವಾಯಿತು.

ಕಥೆಯಲ್ಲಿ ಯುದ್ಧವಿಲ್ಲ, ಬೈಗುಳವಿಲ್ಲ, ಕಟ್ಟಿಹಾಕುವ ಮಂತ್ರವಿಲ್ಲ. ಊರು ದೂರವಿಟ್ಟ ಜೀವಿಯೇ ಸಂತನನ್ನು ಎಲ್ಲರಿಗಿಂತ ಮೊದಲು ಗುರುತಿಸುತ್ತದೆ. ಕಫೆರ್ನೌಮಿನ ಪ್ರಾರ್ಥನಾಮಂದಿರದಲ್ಲಿಯೂ ಹೀಗೆಯೇ ಅಶುದ್ಧಾತ್ಮವೇ ಯೇಸುಸ್ವಾಮಿಯನ್ನು ಮೊದಲು ಗುರುತಿಸಿತೆಂಬುದನ್ನು ಮಾರ್ಕನ ಓದುಗರು ನೆನೆಯಬಹುದು. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಮಾರ್ಕನಲ್ಲಿ ಗುರುತಿಸಿದ ಆತ್ಮಕ್ಕೆ ದೊರೆಯುವುದು ಗದರಿಕೆ, ಬಿಡುಗಡೆಯಲ್ಲ.

ಇದಕ್ಕಿಂತ ಸ್ವಲ್ಪ ಮುಂಚಿನ ಇನ್ನೊಂದು ಪ್ರಸಂಗವು ನಮ್ಮ ವಿಚಾರಕ್ಕೆ ಇನ್ನೂ ಹತ್ತಿರವಾದುದು. ಶಿರೋಳದ ಒಬ್ಬ ಗೃಹಿಣಿಗೆ ಹುಟ್ಟಿದ ಮಕ್ಕಳೆಲ್ಲ ಸಾಯುತ್ತಿದ್ದವು. ಕಾರಣವೇನೆಂದರೆ ಹಿಂದಿನ ಜನ್ಮದಲ್ಲಿ ಅವಳು ಒಬ್ಬ ಬ್ರಾಹ್ಮಣನಿಂದ ನೂರು ನಾಣ್ಯ ಸಾಲ ಪಡೆದು ತೀರಿಸಿರಲಿಲ್ಲ. ಅವನು ಸತ್ತು ಪಿಶಾಚವಾಗಿ ಅವಳ ಸಂತಾನವನ್ನು ಕೊಲ್ಲುತ್ತಿದ್ದನು. ಅವಳು ಅತ್ತಿಮರದಡಿ ಸೇವೆ ಮಾಡುತ್ತಿರುವಾಗ ಪಿಶಾಚವು ಕನಸಿನಲ್ಲಿ ಅಟ್ಟಿಸಿಕೊಂಡು ಬರುತ್ತದೆ. ಗುರುಗಳು ಅದನ್ನು ತಡೆಯುತ್ತಾರೆ. ತಡೆದ ಮೇಲೆ ಅದರ ದೂರನ್ನು ಕೇಳುತ್ತಾರೆ. ಪಿಶಾಚವು ತನಗಾದ ಅನ್ಯಾಯವನ್ನು ಹೇಳಿಕೊಳ್ಳುತ್ತದೆ: ಹಣ ಹೋಯಿತು, ಉತ್ತರಕ್ರಿಯೆಯನ್ನು ಮಾಡುವವರೂ ಇರಲಿಲ್ಲ. ಗುರುಗಳು ಆ ಹೆಣ್ಣುಮಗಳಿಗೆ, ಕೈಲಾದಷ್ಟು ಹಣವನ್ನು ವೆಚ್ಚಮಾಡಿ ಸತ್ತವನ ಕ್ರಿಯೆಯನ್ನು ಮಾಡಿಸೆಂದು ವಿಧಿಸುತ್ತಾರೆ. ಋಣವು ತೀರುತ್ತದೆ, ಸತ್ತವನಿಗೆ ಗತಿಯಾಗುತ್ತದೆ, ಅವಳ ಮನೆಯಲ್ಲಿ ತೊಟ್ಟಿಲು ತೂಗುತ್ತದೆ. ಬಾಧಿಸುವವನನ್ನು ಇಷ್ಟು ತಾಳ್ಮೆಯಿಂದ ವಿಚಾರಿಸುವ ಕಥೆಗಳು ಧಾರ್ಮಿಕ ಸಾಹಿತ್ಯದಲ್ಲಿ ಹೆಚ್ಚಿಲ್ಲ.

ಬ್ರಹ್ಮರಾಕ್ಷಸನು ಹುಟ್ಟು ರಾಕ್ಷಸನಲ್ಲವೆಂಬುದನ್ನು ಗಮನಿಸಬೇಕು. ರಾವಣಾದಿಗಳಂತೆ ಅವನಿಗೆ ಬೇರೆ ಕುಲವಿಲ್ಲ. ಅವನು ಕೆಟ್ಟ ಗತಿಗಿಳಿದ ಮನುಷ್ಯ, ಅದರಲ್ಲೂ ವಿದ್ಯಾವಂತ. ಪತಿತರ ಸಂಗ ಮಾಡಿದವನು, ಪರಸ್ತ್ರೀಯನ್ನು ಕೂಡಿದವನು, ಬ್ರಾಹ್ಮಣನ ಸೊತ್ತನ್ನು ಕದ್ದವನು ಬ್ರಹ್ಮರಾಕ್ಷಸನಾಗುತ್ತಾನೆಂದು ಮನುಸ್ಮೃತಿಯ ಹನ್ನೆರಡನೆಯ ಅಧ್ಯಾಯವು ಹೇಳುತ್ತದೆ. ಕಲಿತ ವಿದ್ಯೆಯನ್ನು ಯಾರಿಗೂ ಕೊಡದೆ ಬಚ್ಚಿಟ್ಟುಕೊಂಡವನಿಗೆ ಈ ಗತಿಯೆಂದು ಕನ್ನಡ ಜನಪದರು ನಂಬುತ್ತಾರೆ. (ದೈವಶಾಸ್ತ್ರವನ್ನು ಕಲಿಸುವ ನಾವು ಈ ನಂಬಿಕೆಯನ್ನು ನಗುತ್ತ ಕೇಳಿದರೂ ಪೂರ್ತಿ ನಕ್ಕುಬಿಡಲಾರೆವು.) ಶ್ರೀವೈಷ್ಣವ ಗುರುಪರಂಪರೆಯಲ್ಲಿ ಯುವಕ ರಾಮಾನುಜರ ಪಾದಸ್ಪರ್ಶವಾದರೆ ಮಾತ್ರ ರಾಜಕುಮಾರಿಯನ್ನು ಬಿಡುವೆನೆಂದು ಹೇಳುವವನೂ ಬ್ರಹ್ಮರಾಕ್ಷಸನೇ. ಇಲ್ಲಿ ಇನ್ನೊಂದನ್ನೂ ಮರೆಮಾಚದೆ ಹೇಳಬೇಕು: ಈ ಲೋಕದ ಜಾತಿಯು ಸಾವಿನಾಚೆಗೂ ಹಿಂಬಾಲಿಸುತ್ತದೆ. ಬ್ರಾಹ್ಮಣನ ಪ್ರೇತಕ್ಕೆ ಅಶ್ವತ್ಥವೂ ಒಂದು ಬಿರುದೂ ಉಂಟು. ಹೊಲಗೇರಿಯಲ್ಲಿ ಸತ್ತವನು ಬರಿಯ ದೆವ್ವ.

ಭೀಮಾತೀರಕ್ಕೆ ಇಂಥ ಕಲ್ಪನೆ ಹೊಸದಾಗಿರಲಿಲ್ಲ. ಇದೇ ನದಿಯ ದಡದಲ್ಲಿರುವ ಚಿತ್ತಾಪುರ ತಾಲ್ಲೂಕಿನ ಸನ್ನತಿ-ಕನಗನಹಳ್ಳಿಯಲ್ಲಿ ಬೌದ್ಧರ ಮಹಾಸ್ತೂಪವಿತ್ತು; ಅದರ ಫಲಕಗಳಲ್ಲಿ ನಾಗರಾಜರಿದ್ದಾರೆ, ಅಶೋಕನ ಹೆಸರನ್ನು ಹೊತ್ತ ಶಿಲ್ಪವೂ ಇದೆ. ಪಾಲಿ ತಿಪಿಟಕದ 'ಪೇತವತ್ಥು'ವಿನ ಐವತ್ತೊಂದು ಕಥೆಗಳಲ್ಲಿ ಹಸಿದ ಪ್ರೇತಗಳು ತಮ್ಮ ಹಿಂದಿನ ದುಷ್ಕೃತ್ಯವನ್ನು ಹೇಳಿಕೊಳ್ಳುತ್ತವೆ. ಬಂಧುಗಳು ಅವುಗಳ ಹೆಸರಿನಲ್ಲಿ ಸಂಘಕ್ಕೆ ದಾನವಿತ್ತರೆ ಬಿಡುಗಡೆ ಹೊಂದುತ್ತವೆ. ಮಕ್ಕಳನ್ನು ತಿನ್ನುತ್ತಿದ್ದ ಹಾರೀತಿಯನ್ನು ಬುದ್ಧನು ಪಳಗಿಸಿ, ವಿಹಾರಗಳಲ್ಲಿ ಅವಳಿಗೆ ತುತ್ತಿಡುವಂತೆ ಮಾಡಿದನೆಂಬ ಕಥೆಯು ಜಪಾನಿನವರೆಗೂ ನಡೆದುಹೋಗಿ, ಅಲ್ಲಿ ಅವಳು ಮಕ್ಕಳನ್ನು ಕಾಯುವ ದೇವತೆಯೇ ಆದಳು. ರಾಕ್ಷಸನನ್ನು ಕೊಲ್ಲುವ ಕಥೆಗಳು ಏಷ್ಯಾದಲ್ಲಿ ಹೇರಳವಾಗಿವೆ. ಅವನನ್ನು ಉಣಿಸಿ, ಋಣ ತೀರಿಸಿ, ಬಿಡಿಸುವ ಈ ಇನ್ನೊಂದು ಧಾರೆಯು ಅದಕ್ಕಿಂತ ಚಿಕ್ಕದೇನೂ ಅಲ್ಲ.

ಅದೇ ಸೀಮೆಯಲ್ಲಿ ಬೇರೆ ಉತ್ತರಗಳೂ ಇವೆ. ಆಳಂದದ ಲಾಡ್ಲೆ ಮಶಾಯಕ್ ದರ್ಗಾಕ್ಕೆ ನಡೆದುಕೊಳ್ಳುವ ಮುಸ್ಲಿಮರು ಜಿನ್ನುಗಳನ್ನು ಬಲ್ಲರು. ಜಿನ್ ಎಂಬುದು ಸತ್ತ ಮನುಷ್ಯನೂ ಅಲ್ಲ, ಬಿದ್ದ ದೂತನೂ ಅಲ್ಲ. ಬೆಂಕಿಯಿಂದ ಸೃಷ್ಟಿಯಾದ, ಒಳಿತು-ಕೆಡುಕನ್ನು ಆರಿಸಿಕೊಳ್ಳಬಲ್ಲ ಜೀವಿ. ಕುರಾನಿನ 72ನೆಯ ಅಧ್ಯಾಯದಲ್ಲಿ ಕೆಲವು ಜಿನ್ನುಗಳು ದೇವರ ವಾಕ್ಯವನ್ನು ಕೇಳಿ ವಿಶ್ವಾಸಿಗಳೇ ಆಗುತ್ತವೆ. ಜೇವರ್ಗಿಯ ಉತ್ತರ ಇನ್ನೂ ಬೇರೆ. 'ಅಖಂಡೇಶ್ವರಾ' ಎಂಬ ಅಂಕಿತದಲ್ಲಿ ಏಳುನೂರಕ್ಕೂ ಹೆಚ್ಚು ವಚನಗಳನ್ನು ಬರೆದ, 1700ರ ಆಸುಪಾಸಿನಲ್ಲಿ ಬಾಳಿದ ಷಣ್ಮುಖ ಶಿವಯೋಗಿಗಳ ಊರದು. ಶರಣರ ಪಂಥದಲ್ಲಿ ಶರಣನ ಸಾವು ಲಿಂಗೈಕ್ಯವಾದ್ದರಿಂದ ಶ್ರಾದ್ಧವೂ ಇಲ್ಲ, ಪಿಂಡವೂ ಇಲ್ಲ, ತತ್ತ್ವಶಃ ಅಲೆಯುವ ಪ್ರೇತವೂ ಇಲ್ಲ. ಗಾಣಗಾಪುರದಲ್ಲಿ ಯಾವ ಕ್ರಿಯೆಯಿಂದ ಪಿಶಾಚಕ್ಕೆ ಗತಿ ದೊರೆಯುತ್ತದೆಯೋ ಆ ಕ್ರಿಯೆಯೇ ಜೇವರ್ಗಿಯ ವಚನಕಾರನಿಗೆ ಅನವಶ್ಯಕ. ಒಂದು ದಿನದ ನಡಿಗೆಯೊಳಗೆ ಮೂರು ಪರಲೋಕಶಾಸ್ತ್ರಗಳು! ನಮ್ಮ ಉಪದೇಶಿಗಳು ಇವೆಲ್ಲವನ್ನೂ 'ಮೂಢನಂಬಿಕೆ' ಎಂಬ ಒಂದೇ ಗೋಣಿಚೀಲಕ್ಕೆ ತುಂಬುವುದು ಕೇವಲ ಸೋಮಾರಿತನ.

ಈಗ ಕ್ರೈಸ್ತರು ಈ ಸೀಮೆಗೆ ತಂದ ಮಾತಿನ ಕಡೆಗೆ ತಿರುಗೋಣ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಅವರೂ ವಿಲಿಯಂ ರೀವ್ ಅವರೂ ದುಡಿದ ಕನ್ನಡ ಬೈಬಲ್ ಅನುವಾದವು 1830ರ ದಶಕದ ಆರಂಭದಲ್ಲಿ ಪೂರ್ಣವಾಯಿತು. ಆಮೇಲಿನ ಪರಿಷ್ಕರಣಗಳಲ್ಲಿ ಪ್ರಕಟನೆಯ ಗ್ರಂಥದ ಮಹಾಮೃಗಕ್ಕೆ 'ಘಟಸರ್ಪ' ಎಂಬ ಹೆಸರು ನಿಂತಿತು. ಅದು ಸೊಗಸಾದ ಆಯ್ಕೆ. ಆದರೆ ಗ್ರೀಕಿನ 'ದೈಮೊನಿಯನ್' ಎಂಬುದಕ್ಕೆ ನಿಂತ ಪದ 'ದೆವ್ವ'. ಗ್ರೀಕ್ ಪದವೂ ಒಂದು ಕಾಲಕ್ಕೆ ದೇವತೆಯನ್ನು ಸೂಚಿಸಿ ಕ್ರಮೇಣ ಕೆಟ್ಟ ಅರ್ಥಕ್ಕೆ ಇಳಿದದ್ದು. 'ದೈವ'ದಿಂದ ಬಂದ ನಮ್ಮ 'ದೆವ್ವ'ವೂ ಅದೇ ಇಳಿಜಾರಿನಲ್ಲಿ ಇಳಿದುಬಂದದ್ದು. ಆದ್ದರಿಂದ ಅನುವಾದಕರನ್ನು ದೂಷಿಸಲಾಗದು. ತೊಡಕಿರುವುದು ಕೇಳುಗನ ಕಿವಿಯಲ್ಲಿ. ಭೀಮಾತೀರದ ಹಳ್ಳಿಯಲ್ಲಿ 'ದೆವ್ವ ಬಡದದ' ಎಂದರೆ ಯಾರೋ ಸತ್ತವರು ಬಡಿದಿದ್ದಾರೆ ಎಂದೇ ಅರ್ಥ: ಬಾವಿಗೆ ಬಿದ್ದ ಸೊಸೆ, ಬಾಣಂತನದಲ್ಲಿ ತೀರಿಹೋದ ಅಕ್ಕ, ಸಾಲದ ಹೊರೆಯಿಂದ ನೇಣು ಹಾಕಿಕೊಂಡ ಅಣ್ಣ. ಆ ದೆವ್ವಕ್ಕೆ ಒಂದು ಹೆಸರಿದೆ, ಒಂದು ಮನೆತನವಿದೆ, ಸಾಮಾನ್ಯವಾಗಿ ಒಂದು ದೂರೂ ಇದೆ. ಶುಭಸಂದೇಶಗಳು ಹೇಳುವ ಅಶುದ್ಧಾತ್ಮಕ್ಕೆ ಇವು ಯಾವುವೂ ಇಲ್ಲ. ಗೆರಸೇನರ ನಾಡಿನಲ್ಲಿ ಯೇಸುಸ್ವಾಮಿಯು ಹೆಸರು ಕೇಳಿದಾಗ ಬಂದ ಉತ್ತರ ಒಂದು ಸೈನ್ಯದಳದ ಹೆಸರು, ಮನುಷ್ಯನ ಹೆಸರಲ್ಲ.

ಎರಡು ಅರ್ಥಗಳು ಒಂದೇ ಪದದಲ್ಲಿ ಬೆರೆತಾಗ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕು. ಒಂದು ಕುಟುಂಬವು ಮಗಳನ್ನು ಪ್ರಾರ್ಥನಾಕೂಟಕ್ಕೆ ಕರೆತಂದು, ತೀರಿಹೋದ ಅವ್ವ ಇವಳ ಮೈಮೇಲೆ ಬಂದಿದ್ದಾಳೆಂದು ಹೇಳುತ್ತದೆ. ಪ್ರಾರ್ಥಿಸುವವನು ಕೈಯೆತ್ತಿ, ಸೈತಾನನೇ ತೊಲಗು, ನರಕಕ್ಕೆ ಹೋಗು ಎಂದು ಗುಡುಗುತ್ತಾನೆ. ಅವನು ತನ್ನ ಮಟ್ಟಿಗೆ ಮಾರ್ಕನ ಐದನೆಯ ಅಧ್ಯಾಯವನ್ನು ನಡೆಸುತ್ತಿದ್ದಾನೆ. ಕೇಳುತ್ತಿರುವ ಕುಟುಂಬಕ್ಕೆ ಮಾತ್ರ ಅವನು ತಮ್ಮ ಅವ್ವನನ್ನು ಸೈತಾನನೆಂದು ಕರೆದು ನರಕಕ್ಕೆ ಅಟ್ಟುತ್ತಿದ್ದಾನೆ. ಮೂರ್ಛೆ ತಿಳಿದೆದ್ದ ಮಗಳು ಮನೆಗೆ ಹೋಗುವಾಗ ಹೊತ್ತುಕೊಂಡು ಹೋಗುವುದು ಬಿಡುಗಡೆಯನ್ನಲ್ಲ, ಇನ್ನೊಂದು ಸಾವನ್ನು. ಗಾಣಗಾಪುರದ ಮಹಾಮಂಗಳಾರತಿಯ ಹೊತ್ತಿಗೆ ಕಂಬ-ಸರಳುಗಳನ್ನು ಹಿಡಿದು ಅರಚುವ ಪೀಡಿತರನ್ನು ಕಂಡು ನಾವು ಮರುಗುತ್ತೇವೆ. ಆದರೆ ಆ ಸ್ಥಳದ ಗ್ರಂಥದಲ್ಲಿ ಗುರುವು ಪಿಶಾಚದ ದೂರನ್ನಾದರೂ ಕೇಳಿದ್ದನು.

ಈ ಗೊಂದಲ ನಮಗೆ ಮಾತ್ರ ಎದುರಾದದ್ದಲ್ಲ. ಒಂದನೆಯ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸನು, ದೈಮೊನಿಯಗಳೆಂದರೆ ಬದುಕಿರುವವರನ್ನು ಹೊಕ್ಕುವ ದುಷ್ಟ ಮೃತರ ಆತ್ಮಗಳೆಂದು ಬರೆದನು. ಎರಡನೆಯ ಶತಮಾನದಲ್ಲಿ ಸಂತ ಜಸ್ಟಿನನು ತನ್ನ ಮೊದಲ ಸಮರ್ಥನಾಗ್ರಂಥದಲ್ಲಿ ಮೃತರ ಆತ್ಮಗಳು ಹಿಡಿದು ಎಸೆದಾಡುವವರನ್ನು ಪ್ರಸ್ತಾಪಿಸುತ್ತಾನೆ. ನಾಲ್ಕನೆಯ ಶತಮಾನದ ಕೊನೆಗೆ ಅಂತಿಯೋಕ್ಯದಲ್ಲಿ ಸಂತ ಯೊವಾನ್ನ ಕ್ರಿಸೋಸ್ತೊಮನು ಮತ್ತಾಯನ ಶುಭಸಂದೇಶವನ್ನು ವಿವರಿಸುತ್ತ, ಸಮಾಧಿಗಳಲ್ಲಿ ವಾಸಿಸುತ್ತಿದ್ದ ಇಬ್ಬರು ಪೀಡಿತರ ಪ್ರಸಂಗಕ್ಕೆ ಬಂದಾಗ (28ನೆಯ ಉಪದೇಶ) ನೇರವಾಗಿ ಈ ಪ್ರಶ್ನೆಯನ್ನೆತ್ತಿದನು: ದೆವ್ವಗಳು ಸಮಾಧಿಗಳನ್ನು ಏಕೆ ಬಯಸುತ್ತವೆ? ಸತ್ತವರ ಆತ್ಮಗಳೇ ದೆವ್ವಗಳಾಗುತ್ತವೆಂಬ ಕೆಟ್ಟ ಅಭಿಪ್ರಾಯವನ್ನು ಜನರಲ್ಲಿ ಬಿತ್ತುವುದಕ್ಕಾಗಿ ಎಂಬುದು ಅವನ ಉತ್ತರ. ಪೀಡಿತರು ತಾವು ಇಂಥವನ ಆತ್ಮವೆಂದು ಕೂಗುತ್ತಾರಲ್ಲ ಎಂದು ಅವನ ಸಭೆಯವರು ಆಕ್ಷೇಪಿಸುತ್ತಿದ್ದರಂತೆ; ಅಂತಿಯೋಕ್ಯದ ಜನ ಕಲಬುರಗಿಯ ಜನಕ್ಕಿಂತ ಬೇರೆಯಾಗಿರಲಿಲ್ಲ. ನೀತಿವಂತರ ಆತ್ಮಗಳು ದೇವರ ಕೈಯಲ್ಲಿವೆ, ಸಿರಿವಂತನು ಬಯಸಿದರೂ ತನ್ನ ತಂದೆಯ ಮನೆಗೆ ಮರಳಲಾಗಲಿಲ್ಲ, ದೇಹವನ್ನು ತೊರೆದ ಆತ್ಮ ಇಲ್ಲಿ ಅಲೆಯಲಾರದು ಎಂದು ಅವನು ವಾದಿಸಿದನು.

ಕ್ರಿಸೋಸ್ತೊಮನ ನಿಲುವಿನ ಒಳಗೊಂದು ಕರುಣೆಯಿದೆಯೆಂಬುದು ನಮ್ಮ ಅಭಿಪ್ರಾಯ. ಅವನು ಮೃತರನ್ನು ಆರೋಪದಿಂದ ಬಿಡಿಸುತ್ತಿದ್ದಾನೆ. ನಿಮ್ಮ ತಾಯಿ ನಿಮ್ಮ ಮಗಳನ್ನು ಹಿಡಿದಿಲ್ಲ, ಅವಳು ದೇವರ ಕೈಯಲ್ಲಿದ್ದಾಳೆ ಎಂಬುದು ಅದರ ತಾತ್ಪರ್ಯ. ಇಷ್ಟನ್ನು ಹೇಳಿದರೂ ಅರ್ಧ ಕೆಲಸ ಉಳಿಯುತ್ತದೆ. ಮನೆಯವರ ಎದೆಯಲ್ಲಿರುವುದು ಪ್ರೇತಶಾಸ್ತ್ರದ ಸಂದೇಹವಷ್ಟೇ ಅಲ್ಲ, ಸತ್ತವರಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲವೆಂಬ ನೋವು. ಶಿರೋಳದ ಕಥೆ ಮುಟ್ಟುವುದು ಅಲ್ಲಿಗೆ. ಲ್ಯಾಟಿನ್ ಧರ್ಮಸಭೆಯೂ ಅಲ್ಲಿಗೆ ಕೈಚಾಚಿದೆ, ಮುಖ್ಯವಾಗಿ ಮಹಾ ಗ್ರೆಗೊರಿಯವರ ಲೇಖನಿಯ ಮೂಲಕ.

593-594ರಲ್ಲಿ ಪೋಪ್ ಗ್ರೆಗೊರಿಯವರು ಬರೆದ 'ಸಂವಾದಗಳು' ಎಂಬ ಗ್ರಂಥದ ನಾಲ್ಕನೆಯ ಭಾಗವನ್ನು ಗುರುಚರಿತ್ರೆಯ ಪಕ್ಕದಲ್ಲಿಟ್ಟು ಓದಿದರೆ ಬೆರಗಾಗುತ್ತದೆ. ಒಬ್ಬ ಯಾಜಕನು ಬಿಸಿನೀರಿನ ಬುಗ್ಗೆಯೊಂದರಲ್ಲಿ ಸ್ನಾನಕ್ಕೆ ಹೋಗುತ್ತಿದ್ದನು. ಅಪರಿಚಿತನೊಬ್ಬನು ಪ್ರತಿಸಲವೂ ಅವನ ಪಾದರಕ್ಷೆಯನ್ನು ಬಿಚ್ಚಿ, ಬಟ್ಟೆಯನ್ನು ಹಿಡಿದು ಉಪಚರಿಸುತ್ತಿದ್ದನು. ಕೃತಜ್ಞತೆಯಿಂದ ಯಾಜಕನು ಬಲಿಪೂಜೆಗೆ ಅರ್ಪಿಸುವಂಥ ಎರಡು ರೊಟ್ಟಿಗಳನ್ನು ಅವನಿಗೆ ತಂದುಕೊಟ್ಟನು. ಅವನು ದುಃಖದಿಂದ, ಇದು ಪವಿತ್ರವಾದ ರೊಟ್ಟಿ, ನಾನಿದನ್ನು ತಿನ್ನಲಾರೆ, ಒಂದು ಕಾಲಕ್ಕೆ ನಾನೇ ಈ ಸ್ಥಳದ ಒಡೆಯನಾಗಿದ್ದೆ, ಪಾಪಗಳ ನಿಮಿತ್ತ ಸತ್ತ ಮೇಲೆ ಇಲ್ಲಿಯೇ ಆಳಾಗಿದ್ದೇನೆ, ನನಗಾಗಿ ಇದನ್ನು ದೇವರಿಗೆ ಅರ್ಪಿಸು ಎಂದು ಹೇಳಿ ಮಾಯವಾದನು. ಯಾಜಕನು ಒಂದು ವಾರ ಕಣ್ಣೀರಿನಿಂದ ಬಲಿಪೂಜೆಯನ್ನು ಅರ್ಪಿಸಿದನು. ಮರಳಿ ಹೋದಾಗ ಆ ಸೇವಕನು ಅಲ್ಲಿರಲಿಲ್ಲ. ಇನ್ನೊಂದು ಪ್ರಸಂಗವು ಗ್ರೆಗೊರಿಯವರ ಸ್ವಂತ ಮಠದ್ದು. ಜಸ್ಟಸ್ ಎಂಬ ವೈದ್ಯ ಸನ್ಯಾಸಿಯು ನಿಯಮವನ್ನು ಮೀರಿ ಮೂರು ಚಿನ್ನದ ನಾಣ್ಯಗಳನ್ನು ಬಚ್ಚಿಟ್ಟುಕೊಂಡಿದ್ದನು. ಅವನು ಸತ್ತಾಗ ಆ ನಾಣ್ಯಗಳನ್ನೂ ಅವನೊಂದಿಗೆ ಗುಂಡಿಗೆ ಎಸೆಯಿಸಲಾಯಿತು. ಮೂವತ್ತು ದಿನಗಳಾದ ಮೇಲೆ ಗ್ರೆಗೊರಿಯವರ ಮನ ಕರಗಿತು. ಅವನಿಗಾಗಿ ದಿನಕ್ಕೊಂದರಂತೆ ಮೂವತ್ತು ದಿನ ಬಲಿಪೂಜೆ ಅರ್ಪಿತವಾಯಿತು. ಅವನು ತನ್ನ ಸಹೋದರನಿಗೆ ಕಾಣಿಸಿಕೊಂಡು, ತನಗೀಗ ಒಳಿತಾಗಿದೆಯೆಂದು ತಿಳಿಸಿದನು. ಇಂದಿಗೂ ನಮ್ಮಲ್ಲಿ ನಡೆಯುವ 'ಗ್ರೆಗೊರಿಯನ್ ಪೂಜೆ'ಗಳ ಮೂಲವಿದು.

ಭೀಮಾತೀರದಲ್ಲಿ ನೂರು ನಾಣ್ಯ, ರೋಮಿನಲ್ಲಿ ಮೂರು. ಅಲ್ಲಿ ಸಂಗಮದ ನೀರು, ಇಲ್ಲಿ ಬುಗ್ಗೆಯ ನೀರು. ಒಂದು ಇನ್ನೊಂದರಿಂದ ಬಂದಿತೆಂದು ನಾವು ಹೇಳುತ್ತಿಲ್ಲ. ವ್ಯತ್ಯಾಸಗಳೂ ಸಣ್ಣವಲ್ಲ. ಗುರುಚರಿತ್ರೆಯ ಋಣವು ಜನ್ಮದಿಂದ ಜನ್ಮಕ್ಕೆ ಹರಿಯುವಂಥದು. ಮನುಷ್ಯರು ಒಂದೇ ಸಲ ಸಾಯುತ್ತಾರೆಂಬುದು ಹಿಬ್ರಿಯರಿಗೆ ಬರೆದ ಪತ್ರದ ಬೋಧೆ. ಅಲ್ಲಿ ಗುರುವೇ ತನ್ನ ಕೈಯಿಂದ ಬಿಡಿಸುತ್ತಾನೆ. ಗ್ರೆಗೊರಿಯವರಲ್ಲಿ ಬೇಡುವವನು ಯಾಜಕ, ಬಿಡಿಸುವವನು ದೇವರು. ಇನ್ನೂ ಒಂದು ಭೇದವನ್ನು ಒತ್ತಿ ಹೇಳಬೇಕು: ಗ್ರೆಗೊರಿಯವರ ಮೃತರು ಯಾರನ್ನೂ ಹಿಡಿಯುವುದಿಲ್ಲ, ಯಾರ ಕೂಸನ್ನೂ ಕೊಲ್ಲುವುದಿಲ್ಲ, ಬೇಡಿಕೊಳ್ಳುತ್ತಾರೆ, ಅಷ್ಟೆ. ಆದ್ದರಿಂದ ಅವರು ಕ್ರಿಸೋಸ್ತೊಮನ ಎಚ್ಚರಿಕೆಗೆ ಒಳಪಟ್ಟೇ ಮಾತನಾಡುತ್ತಾರೆಂದು ನಾವು ಓದುತ್ತೇವೆ. ಹೊರಗಟ್ಟಬೇಕಾದ ಆತ್ಮವೇ ಬೇರೆ, ಪ್ರಾರ್ಥಿಸಬೇಕಾದ ಆತ್ಮವೇ ಬೇರೆ. ನಮ್ಮ ಪರಂಪರೆಗೆ ಈ ಎರಡು ಮಾತುಗಳೂ ಗೊತ್ತಿದ್ದವು. ಕಲಬುರಗಿಯ ಹಳ್ಳಿಗಳಲ್ಲಿ ನಾವು ಮೊದಲನೆಯದನ್ನಷ್ಟೇ ಆಡುತ್ತಿದ್ದೇವೆ.

ಏಕೆ ಹೀಗಾಯಿತು? ಬೀದರ್-ಕಲಬುರಗಿ ಸೀಮೆಯಲ್ಲಿ ಕ್ರೈಸ್ತ ಸಮುದಾಯವನ್ನು ಮೊದಲು ದೊಡ್ಡದಾಗಿ ಕಟ್ಟಿದವರು ಮೆಥೋಡಿಸ್ಟರು, ಬಹುಪಾಲು ದಲಿತ ಕೇರಿಗಳಲ್ಲಿ. ಕಲಬುರಗಿಯು ಕಥೋಲಿಕ ಧರ್ಮಕ್ಷೇತ್ರವಾದದ್ದು 2005ರಲ್ಲಿ. ಮೃತರಿಗಾಗಿ ಪ್ರಾರ್ಥಿಸುವ ಪದ್ಧತಿ ಸುಧಾರಣಾ ಸಭೆಗಳಲ್ಲಿ ಇಲ್ಲದ್ದರಿಂದ, ಈ ನೆಲದ ಕ್ರೈಸ್ತ ಪ್ರಾರ್ಥನೆಯ ಮಾತುಗಾರಿಕೆಯು ಅದಿಲ್ಲದೆಯೇ ರೂಪುಗೊಂಡಿತು. ಆ ಸೋದರ ಸಭೆಗಳು ಹಸಿವು ಮತ್ತು ಅವಮಾನದ ನಡುವೆ ಮಾಡಿದ ಸೇವೆಯನ್ನು ನಾವು ಗೌರವದಿಂದ ನೆನೆಯುತ್ತೇವೆ. ತಡವಾಗಿ ಬಂದ ನಾವು ನಮ್ಮ ಬುತ್ತಿಯಲ್ಲಿದ್ದುದನ್ನು ಬಿಚ್ಚದೆ, ಸಿದ್ಧವಾಗಿ ಸಿಕ್ಕ ಮಾತುಗಾರಿಕೆಯನ್ನೇ ಎರವಲು ಪಡೆದದ್ದು ಮಾತ್ರ ಸರಿಯಲ್ಲ.

ಆ ಬುತ್ತಿಯಲ್ಲಿ ಏನಿದೆಯೆಂದು ನೋಡುವಾಗ ಮಕ್ಕಬಿಯರ ಎರಡನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯವನ್ನು ತೆರೆಯಬೇಕು. ಯುದ್ಧದಲ್ಲಿ ಮಡಿದ ಯೆಹೂದ್ಯ ಸೈನಿಕರ ಹೆಣಗಳನ್ನು ಎತ್ತುವಾಗ ಪ್ರತಿಯೊಬ್ಬನ ಅಂಗಿಯೊಳಗೂ ಯಮ್ನಿಯದ ವಿಗ್ರಹಗಳ ತಾಯಿತಗಳು ಸಿಕ್ಕವು. ಯೂದನು ಅವರ ಹೆಣಗಳನ್ನು ಬಿಸಾಡಲಿಲ್ಲ, ಅವರು ಸೈತಾನನ ಪಾಲಾದರೆಂದು ಸಾರಲೂ ಇಲ್ಲ. ಜನರಿಂದ ಎರಡು ಸಾವಿರ ದ್ರಾಕ್ಮ ಬೆಳ್ಳಿಯನ್ನು ಕೂಡಿಸಿ, ಅವರಿಗಾಗಿ ಪಾಪಪರಿಹಾರ ಬಲಿಯನ್ನು ಅರ್ಪಿಸಲು ಜೆರುಸಲೇಮಿಗೆ ಕಳುಹಿಸಿದನು. ಮೃತರಿಗಾಗಿ ಪ್ರಾರ್ಥಿಸುವ ನಮ್ಮ ಬೋಧೆ ಯಾವ ವಚನಗಳನ್ನು ಆಧರಿಸುತ್ತದೆಯೋ ಆ ವಚನಗಳಲ್ಲಿರುವ ಮೃತರು ಕೊರಳಲ್ಲಿ ತಾಯಿತ ಕಟ್ಟಿಕೊಂಡು ಸತ್ತವರು. ಗಾಣಗಾಪುರದಲ್ಲಿಯೋ ಆಳಂದದಲ್ಲಿಯೋ ತಾಯಿತ ಕಟ್ಟಿಸಿಕೊಂಡು ತೀರಿಹೋದ ತಾಯಿಯ ಹೆಸರನ್ನು ಬಲಿಪೂಜೆಯಲ್ಲಿ ಹೇಳಬಹುದೇ ಎಂದು ಕೇಳುವ ಮಗನಿಗೆ ಉತ್ತರ ಅಲ್ಲಿಯೇ ಇದೆ.

ಭೂತೋಚ್ಚಾಟನೆಯ ವಿಷಯದಲ್ಲಿ ಧರ್ಮಸಭೆಯ ಶಿಸ್ತು ನಮ್ಮ ಓದುಗರಿಗೆ ತಿಳಿದದ್ದೇ. ಧರ್ಮಸಭಾ ಕಾನೂನಿನ 1172ನೆಯ ವಿಧಿಯಂತೆ ಧರ್ಮಾಧ್ಯಕ್ಷರ ವಿಶೇಷ ಹಾಗೂ ಸ್ಪಷ್ಟ ಅನುಮತಿಯಿಲ್ಲದೆ ಯಾವ ಯಾಜಕನೂ ಅದಕ್ಕೆ ಕೈಹಾಕಲಾಗದು. 1999ರಲ್ಲಿ ಪ್ರಕಟವಾದ ಹೊಸ ವಿಧಿಯೂ 'ಕಥೋಲಿಕ ಧರ್ಮಸಭೆಯ ಬೋಧನಾಗ್ರಂಥ'ದ 1673ನೆಯ ಪರಿಚ್ಛೇದವೂ ಮೊದಲು ರೋಗವನ್ನು ವಿವೇಚಿಸಬೇಕೆಂದು ಬಯಸುತ್ತವೆ. ಪೀಡಿತರಿಗೆ ವೈದ್ಯರ ನೆರವು ಸಿಗುವಂತೆ ನೋಡಿಕೊಳ್ಳುವುದು ಆಮೇಲಿನ ಮಾತಲ್ಲ, ಮೊದಲಿನದು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು, ಹಿಂಸಿಸುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಹಾಗೂ ವಾಮಾಚಾರ ತಡೆ ಕಾಯಿದೆಯು ಅಪರಾಧವೆನ್ನುತ್ತದೆ. ಹೊಡೆಯುವ ಕೈಯಲ್ಲಿ ಬೇವಿನ ಟೊಂಗೆಯಿದೆಯೋ ಬೈಬಲ್ ಇದೆಯೋ ಎಂಬುದು ಅಲ್ಲಿ ಮುಖ್ಯವಲ್ಲ. ಆದರೆ ಈ ನಿಯಮಗಳೆಲ್ಲ ಏನನ್ನು ಮಾಡಬಾರದೆಂಬುದನ್ನು ಹೇಳುತ್ತವೆ. ಮಾಡಬೇಕಾದದ್ದು ಸರಳ: ಆ ಸತ್ತವಳ ಹೆಸರೇನೆಂದು ಕೇಳುವುದು, ಅವಳು ಹೇಗೆ ಸತ್ತಳೆಂದು ಕೇಳುವುದು, ಮನೆಯಲ್ಲಿ ಸಲ್ಲದೆ ಉಳಿದ ಋಣ, ಹಂಚದೆ ಉಳಿದ ಹೊಲ, ಹೇಳದೆ ಉಳಿದ ಕ್ಷಮೆ ಏನಾದರೂ ಇದೆಯೇ ಎಂದು ಕೇಳುವುದು, ಆ ಹೆಸರಿನಲ್ಲಿ ಬಲಿಪೂಜೆಯನ್ನು ಅರ್ಪಿಸುವುದು. ನವೆಂಬರ್ 2ರ ಸಕಲ ಮೃತರ ಸ್ಮರಣೆಯು ಕ್ರೈಸ್ತರ ಗೋರಿಗಳಿಗೆ ಮಾತ್ರ ಮೀಸಲಾಗಬೇಕಿಲ್ಲ. ದೇವರಿಗೆ ಮಾತ್ರ ಗೊತ್ತಿರುವ ವಿಶ್ವಾಸದ ಮೃತರನ್ನೂ ನಾಲ್ಕನೆಯ ಕೃತಜ್ಞತಾ ಪ್ರಾರ್ಥನೆಯು ನೆನೆಯುತ್ತದೆ.

ಗ್ರೆಗೊರಿಯವರ ಇನ್ನೊಂದು ಕಥೆ ಉಳಿದಿದೆ. ಪಸ್ಕಾಸಿಯಸ್ ಎಂಬ ಧರ್ಮಸೇವಕನು ಬಡವರನ್ನು ಪ್ರೀತಿಸಿದವನು, ಪವಿತ್ರಾತ್ಮರ ವಿಷಯದಲ್ಲಿ ಗ್ರಂಥಗಳನ್ನು ಬರೆದವನು. ರೋಮಿನಲ್ಲಿ ಪೋಪ್ ಪದವಿಗೆ ಸಿಮಾಕಸ್ ಮತ್ತು ಲಾರೆನ್ಸ್ ಎಂಬ ಇಬ್ಬರು ಆಯ್ಕೆಯಾಗಿ ಜಗಳವಾದಾಗ ಅವನು ಸೋತ ಲಾರೆನ್ಸನ ಪಕ್ಷವನ್ನು ಸಾಯುವವರೆಗೂ ಬಿಡಲಿಲ್ಲ. ಅವನ ಶವಯಾತ್ರೆಯಲ್ಲಿ ದೆವ್ವ ಹಿಡಿದವನೊಬ್ಬನು ಶವಪೆಟ್ಟಿಗೆಯ ಮೇಲೆ ಹೊದಿಸಿದ್ದ ಅವನ ಉಡುಪನ್ನು ಮುಟ್ಟಿ ಆ ಕ್ಷಣವೇ ಗುಣಹೊಂದಿದನು. ಬಹುಕಾಲದ ಮೇಲೆ ಕಾಪುವದ ಧರ್ಮಾಧ್ಯಕ್ಷ ಜರ್ಮಾನುಸನು ವೈದ್ಯರ ಸಲಹೆಯಂತೆ ಬಿಸಿನೀರಿನ ಸ್ನಾನಕ್ಕೆ ಹೋದಾಗ, ಅಲ್ಲಿ ಆಳಾಗಿ ನಿಂತಿದ್ದ ಅದೇ ಪಸ್ಕಾಸಿಯಸನನ್ನು ಕಂಡು ಹೆದರಿ, ನಿಮ್ಮಂಥವರು ಇಲ್ಲೇಕೆ ಎಂದು ಕೇಳಿದನು. ಲಾರೆನ್ಸನ ಪಕ್ಷ ಹಿಡಿದದ್ದಕ್ಕೆ, ಬೇರೆ ಕಾರಣವಿಲ್ಲ ಎಂದು ಅವನು ಉತ್ತರಿಸಿ, ನನಗಾಗಿ ಪ್ರಾರ್ಥಿಸಿರಿ, ಮತ್ತೆ ಬಂದಾಗ ನಾನು ಇಲ್ಲಿ ಕಾಣದಿದ್ದರೆ ನಿಮ್ಮ ಮೊರೆ ಮುಟ್ಟಿತೆಂದು ತಿಳಿಯಿರಿ ಎಂದನು. ಜರ್ಮಾನುಸನು ಪ್ರಾರ್ಥಿಸಿದನು. ಕೆಲವು ದಿನಗಳ ಮೇಲೆ ಅವನು ಮರಳಿ ಬಂದಾಗ ಸ್ನಾನಗೃಹದಲ್ಲಿ ಪಸ್ಕಾಸಿಯಸನು ಇರಲಿಲ್ಲ.